ನಡೀತಿದೆಯಲ್ಲ, ಮುಟ್ಟಬೇಡಿ!

ನಮ್ಮ ಮನೆಗಳ ಆಚಾರವಿಚಾರಕ್ಕೆ ಈಚೆಗೆ ಹೊಸ ಮಡಿಯೊಂದು ಸೇರಿಕೊಂಡಿದೆ: ರೂಟರನ್ನು ಮುಟ್ಟಬಾರದು. ಫೈಬರ್ ಎಳೆಯಲು ಬಂದ ಹುಡುಗ ಗೋಡೆಗೆ ಎರಡು ಮೊಳೆ ಹೊಡೆದು ಡಬ್ಬವನ್ನು ತೂಗುಹಾಕುತ್ತಾನೆ. ತನ್ನ ಫೋನಿನಲ್ಲೇ ಏನೇನೋ ಒತ್ತಿ, ಮನೆ ಯಜಮಾನರ ಹೆಸರನ್ನು ವೈಫೈಗೆ ಇಟ್ಟು, ಅವರ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡಿ, ‘ಇನ್ನೇನೂ ಮುಟ್ಟೋಕೆ ಹೋಗ್ಬೇಡಿ ಸಾರ್, ಸೆಟ್ಟಿಂಗ್ ಹೋಗ್ಬಿಡುತ್ತೆ’ ಎಂದು ಹೊರಡುತ್ತಾನೆ. ಅಲ್ಲಿಂದ ಮುಂದೆ ಆ ಡಬ್ಬಕ್ಕೆ ದೇವರ ಗೂಡಿನ ಮರ್ಯಾದೆ. ಧೂಳು ಒರೆಸುವವರೂ ಹಿಂದೆಮುಂದೆ ನೋಡುತ್ತಾರೆ. ನೆಟ್ ನಿಂತಾಗ ಆಫ್ ಮಾಡಿ ಆನ್ ಮಾಡುವುದೊಂದೇ ಗೃಹಸ್ಥರಿಗೆ ವಿಧಿಸಿರುವ ಪೂಜೆ. ಈ ಉಪದೇಶ ಕೇಬಲ್ಲಿನವರ ಬಾಯಲ್ಲಿ ಮಾತ್ರ ಇದ್ದಿದ್ದರೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಓದಿದವರು, ದಿನವಿಡೀ ಕಂಪ್ಯೂಟರ್ ಮುಂದೆಯೇ ಕೂತು ಸಂಬಳ ಎಣಿಸುವವರು ಕೂಡ ಅಪ್ಪ-ಅಮ್ಮಂದಿರಿಗೆ ಹೇಳಿಕೊಡುವುದು ಇದನ್ನೇ: ‘ನಡೀತಿದೆಯಲ್ಲ, ಯಾಕೆ ಕೈ ಹಾಕ್ತೀರಿ?’ ಕೇಳುವುದಕ್ಕೆ ಇದು ಜಾಣತನದ ಮಾತು. ಬಿಡಿಸಿ ನೋಡಿದರೆ, ಮನೆಯ ಬೀಗದ ಕೈಯನ್ನು ಬೀಗ ಮಾರಿದವನ ಹತ್ತಿರವೇ ಬಿಟ್ಟು ನೆಮ್ಮದಿಯಾಗಿ ಮಲಗಿ ಎಂಬ ಸಲಹೆ.

ಆ ಡಬ್ಬ ಮಾಡುವ ಕೆಲಸವೇನು ಎಂದು ನಾವು ಕೇಳಿಕೊಂಡಿದ್ದೇ ಕಡಿಮೆ. ಫ್ರಿಜ್ಜು, ಮಿಕ್ಸಿಗಳ ಸಾಲಿನಲ್ಲಿ ಅದನ್ನೂ ನಿಲ್ಲಿಸಿಬಿಟ್ಟಿದ್ದೇವೆ. ಮಿಕ್ಸಿ ಕೆಟ್ಟರೆ ಚಟ್ನಿ ಇಲ್ಲ, ಅಲ್ಲಿಗೆ ಮುಗಿಯಿತು. ರೂಟರ್ ಕೆಟ್ಟವರ ಕೈಗೆ ಸಿಕ್ಕರೆ ಚಟ್ನಿ ಎಂದಿನಂತೆ ಆಗುತ್ತಲೇ ಇರುತ್ತದೆ. ಅದರಲ್ಲಿ ಏನು ಬೆರೆತಿದೆ ಎಂಬುದು ಮಾತ್ರ ತಿಳಿಯುವುದಿಲ್ಲ. ಮನೆಯ ಫೋನು, ಟಿವಿ, ಲ್ಯಾಪ್‌ಟಾಪು, ಬಾಗಿಲ ಮೇಲಿನ ಕ್ಯಾಮೆರಾ, ಎಲ್ಲದರ ಮಾತುಕತೆಯೂ ಹೊರಗೆ ಹೋಗುವುದು, ಒಳಗೆ ಬರುವುದು ಅದೊಂದೇ ಹೊಸ್ತಿಲ ಮೇಲೆ. ಆ ಹೊಸ್ತಿಲಿಗೆ ಕೀಲಿಕೈ ಎರಡು. ಒಂದು, ಬಂದ ನೆಂಟರಿಗೆಲ್ಲ ಹೇಳುವ ವೈಫೈ ಪಾಸ್‌ವರ್ಡ್. ಇನ್ನೊಂದು, ಬ್ರೌಸರಿನಲ್ಲಿ 192.168.1.1 ಎಂದೋ ಡಬ್ಬದ ಅಡಿಯ ಚೀಟಿಯಲ್ಲಿರುವ ಇಂಥದೇ ಬೇರೊಂದು ಅಂಕಿಯನ್ನೋ ಒತ್ತಿದಾಗ ತೆರೆಯುವ ಪುಟದ ಅಡ್ಮಿನ್ ಪಾಸ್‌ವರ್ಡ್. ಮೊದಲನೆಯದು ಮನೆಯೊಳಗೆ ಬಿಡುವ ಕೈ. ಎರಡನೆಯದು ಮನೆಯ ಬಾಗಿಲುಗಳನ್ನೇ ಕಿತ್ತು ಬೇರೆ ಕಡೆ ಕೂರಿಸಬಲ್ಲ ಕೈ. ಈ ಎರಡನೆಯದೊಂದು ಇದೆ ಎಂಬುದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಆ ಪುಟದಲ್ಲಿ ಡಿಎನ್‌ಎಸ್ ಎಂಬ ಒಂದು ಸಾಲಿರುತ್ತದೆ. ನಾವು ಬ್ಯಾಂಕಿನ ಹೆಸರು ಬರೆದಾಗ ಅದರ ವಿಳಾಸವನ್ನು ಯಾರಲ್ಲಿ ವಿಚಾರಿಸಬೇಕು ಎಂದು ಹೇಳುವ ಸಾಲು ಅದು. ಅದನ್ನು ಬದಲಿಸಿದವನು, ನಾವು ಬ್ಯಾಂಕಿನ ದಾರಿ ಕೇಳಿದರೆ, ನಮ್ಮನ್ನು ತನ್ನ ಅಂಗಡಿಗೆ ಕರೆದೊಯ್ಯಬಲ್ಲ. ಬ್ರೆಜಿಲ್‌ನಲ್ಲಿ 2011-12ರ ಸುಮಾರಿಗೆ ಆದದ್ದು ಇದೇ: ಮೋಡೆಮ್‌ಗಳ ಒಂದು ಲೋಪ ಹಿಡಿದು ಒಳಹೊಕ್ಕ ಕಳ್ಳರು ಸುಮಾರು 45 ಲಕ್ಷ ಮೋಡೆಮ್‌ಗಳ ಡಿಎನ್‌ಎಸ್ ತಿರುಗಿಸಿ ಜನರನ್ನು ನಕಲಿ ಪುಟಗಳಿಗೆ ಅಟ್ಟಿದರು. ಈಗ ಬ್ರೌಸರುಗಳು ಅನುಮಾನ ಬಂದರೆ ಎಚ್ಚರಿಸುತ್ತವೆ ನಿಜ. ಆದರೆ ಎಚ್ಚರಿಕೆ ಬಂದಾಗಲೆಲ್ಲ ಓದದೆ ‘ಮುಂದುವರಿಸಿ’ ಒತ್ತುವ ಅಭ್ಯಾಸವೂ ‘ಮುಟ್ಟಬೇಡಿ’ ಪಂಥದ ಇನ್ನೊಂದು ಆಚರಣೆಯೇ ಅಲ್ಲವೆ?

ಕಾರ್ಖಾನೆಯಿಂದ ಬರುವಾಗ ಎಷ್ಟೋ ಡಬ್ಬಗಳಿಗೆ ಹೆಸರೂ ಅಡ್ಮಿನ್, ಗುಟ್ಟೂ ಅಡ್ಮಿನ್. ಊರಿಗೆಲ್ಲ ಒಂದೇ ಕೀಲಿಕೈ; ಅದು ಯಾವುದೆಂದು ಊರಿಗೆಲ್ಲ ಗೊತ್ತು. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲೋಕವನ್ನು ಸುತ್ತಿದಾಗ ಅದರ ಜೋಳಿಗೆಯಲ್ಲಿ ಮಹಾವಿದ್ಯೆಯೇನೂ ಇರಲಿಲ್ಲ. ಇದ್ದದ್ದು ಅರವತ್ತು ಚಿಲ್ಲರೆ ಸಿದ್ಧ ಹೆಸರು-ಪಾಸ್‌ವರ್ಡ್ ಜೋಡಿಗಳ ಒಂದು ಪಟ್ಟಿ. ಇಂಟರ್‌ನೆಟ್ಟಿನ ಬೀದಿಯಲ್ಲಿ ಒಂದೊಂದೇ ಬಾಗಿಲು ತಟ್ಟಿ ಆ ಪಟ್ಟಿಯನ್ನು ಒಪ್ಪಿಸುತ್ತಾ ಹೋಯಿತು. ಕ್ಯಾಮೆರಾಗಳು, ರೂಟರುಗಳು ಲಕ್ಷಗಟ್ಟಲೆ ತೆರೆದುಕೊಂಡವು. ಅದೇ ವರ್ಷದ ಅಕ್ಟೋಬರ್ 21ರಂದು ಆ ಸೈನ್ಯ ಡಿಎನ್‌ಎಸ್ ಸೇವೆ ಕೊಡುವ ಅಮೆರಿಕದ ಡೈನ್ ಕಂಪನಿಯ ಮೇಲೆ ಮುಗಿಬಿದ್ದಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಲ್ಲಿ ಗಂಟೆಗಟ್ಟಲೆ ಕೈಗೆ ಸಿಗಲಿಲ್ಲ. ದೂರದ ಮಾತಾಯಿತು ಎನ್ನುವವರಿಗೆ ಹತ್ತಿರದ್ದೇ ಇದೆ. 2017ರ ಜುಲೈನಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಜಾಲಕ್ಕೆ ಕುತಂತ್ರಾಂಶ ಬಡಿದಾಗ ಪೆಟ್ಟು ತಿಂದದ್ದರಲ್ಲಿ ಕರ್ನಾಟಕ ವೃತ್ತವೂ ಇತ್ತು. ಬಲಿಯಾದದ್ದು ‘ಅಡ್ಮಿನ್’ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಮೋಡೆಮ್‌ಗಳು. ಆಮೇಲೆ ಗ್ರಾಹಕರಿಗೆ ಬಂದ ಸಲಹೆ ಏನು? ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂಬುದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದು ಎಂದರೆ ಇದೇ. ಅದುವರೆಗೆ ‘ಮುಟ್ಟಬೇಡಿ’ ಎಂದು ಕೇಳಿಸಿಕೊಂಡು ಬಂದ ಜನಕ್ಕೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ‘ನೀವು ಯಾಕೆ ಮುಟ್ಟಲಿಲ್ಲ?’ ಎಂಬ ಪ್ರಶ್ನೆ.

‘ನಮ್ಮ ಮನೇಲಿ ಕದಿಯೋಕೆ ಏನಿದೆ?’ ಎಂಬುದು ಈ ಪಂಥದ ಎರಡನೆಯ ಶ್ಲೋಕ. ಕದಿಯುವುದು ನಿಮ್ಮ ಫೋಟೊಗಳನ್ನೇ ಆಗಬೇಕಿಲ್ಲ. ನಿಮ್ಮ ವಿಳಾಸ ಸಾಕು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟ ನಡೆಯುವ ಕೆಲವೇ ನಿಮಿಷ ಮೊದಲು ಮಾಧ್ಯಮಗಳಿಗೆ ಒಂದು ಇಮೇಲ್ ಹೋಯಿತು. ಅದರ ಜಾಡು ಹಿಡಿದ ಪೊಲೀಸರು ತಲುಪಿದ್ದು ನವಿ ಮುಂಬೈಯ ಒಂದು ಫ್ಲ್ಯಾಟಿಗೆ, ಅಲ್ಲಿ ವಾಸವಿದ್ದ ಅಮೆರಿಕದ ಪ್ರಜೆಯೊಬ್ಬರ ವೈಫೈಗೆ. ಬೇರೆ ಯಾರೋ ಆ ವೈಫೈಯನ್ನು ಬಳಸಿಕೊಂಡಿದ್ದರು ಎಂದು ತೀರ್ಮಾನವಾಗುವಷ್ಟರಲ್ಲಿ ಆ ಮನೆ ತನಿಖೆಯ ಬಿಸಿಯನ್ನು ಸಾಕಷ್ಟು ಉಂಡಿತ್ತು. ಸೆಪ್ಟೆಂಬರ್‌ನಲ್ಲಿ ದೆಹಲಿ ಸ್ಫೋಟದ ಇಮೇಲೂ ಹೀಗೆಯೇ ಬಂತು, ಚೆಂಬೂರಿನ ಒಂದು ಖಾಸಗಿ ಸಂಸ್ಥೆಯ ಕಾವಲಿಲ್ಲದ ವೈಫೈಯಿಂದ. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈಗಳನ್ನು ಭದ್ರಪಡಿಸಬೇಕೆಂದು ಕಂಪನಿಗಳಿಗೆ ಸೂಚನೆ ಹೊರಡಿಸಿತು. ಸೂಚನೆ ಕಡತ ಸೇರಿತು. ಹುಡುಗ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡುವುದು ನಿಲ್ಲಲಿಲ್ಲ. ಬಾಂಬಿನ ಮಾತು ವಿಪರೀತವಾಯಿತು ಎನಿಸಿದರೆ ಸಣ್ಣದನ್ನೇ ತೆಗೆದುಕೊಳ್ಳಿ: ಒಂದು ಬೆದರಿಕೆ ಸಂದೇಶ, ಒಂದು ನಕಲಿ ಖಾತೆ, ಒಂದು ಹೊಲಸು ವಿಡಿಯೊ. ಐಪಿ ವಿಳಾಸ ನಿಮ್ಮದಾದರೆ ಮೊದಲ ಕರೆ ಬರುವುದು ನಿಮಗೇ. ಆಗ ‘ನಾನು ಏನನ್ನೂ ಮುಟ್ಟಿಲ್ಲ ಸ್ವಾಮಿ’ ಎನ್ನುವುದು ನಿಜವೇ ಆಗಿರುತ್ತದೆ, ಉಪಯೋಗಕ್ಕೆ ಬರುವುದಿಲ್ಲ.

ಮೊಬೈಲ್ ನಂಬರಿನ ಪಾಸ್‌ವರ್ಡ್ ಎಷ್ಟು ಗಟ್ಟಿ ಎಂದು ಲೆಕ್ಕ ಹಾಕಿ ನೋಡಬಹುದು. ನಮ್ಮ ಹತ್ತಂಕಿಯ ನಂಬರುಗಳು 6, 7, 8, 9ರಿಂದ ಶುರುವಾಗುತ್ತವೆ; ಹಾಗಾಗಿ ಸಾಧ್ಯವಿರುವುದು ಹೆಚ್ಚೆಂದರೆ 400 ಕೋಟಿ. ಫೋನು ವೈಫೈಗೆ ಸೇರಿಕೊಳ್ಳುವಾಗ ಎರಡರ ನಡುವೆ ನಡೆಯುವ ಕೈಕುಲುಕಾಟವನ್ನು ಹೊರಗಿನಿಂದ ಹಿಡಿದಿಟ್ಟುಕೊಂಡವನು ಮನೆಗೆ ಹೋಗಿ, ಆಟವಾಡುವವರು ಕೊಳ್ಳುವಂಥ ದುಬಾರಿ ಗ್ರಾಫಿಕ್ಸ್ ಕಾರ್ಡಿನಲ್ಲಿ ಸೆಕೆಂಡಿಗೆ ಹತ್ತು ಲಕ್ಷದಷ್ಟು ಊಹೆಗಳನ್ನು ಪರೀಕ್ಷಿಸಬಲ್ಲ. ಅಂದರೆ ದೇಶದ ಅಷ್ಟೂ ನಂಬರುಗಳನ್ನು ಮುಗಿಸಲು 4,000 ಸೆಕೆಂಡು, ಒಂದು ಗಂಟೆ ಚಿಲ್ಲರೆ. ಧಾರಾವಾಹಿಯ ಮೂರು ಕಂತು ನೋಡುವಷ್ಟು ಹೊತ್ತು. ಪಕ್ಕದ ಮನೆಯವರಿಗೆ ಆ ತೊಂದರೆಯೂ ಬೇಡ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಿಮ್ಮ ಹೆಸರೂ ಇದೆ, ನಂಬರೂ ಇದೆ, ವೈಫೈ ಪಟ್ಟಿಯಲ್ಲಿ ಅದೇ ಹೆಸರು ಮಿನುಗುತ್ತಲೂ ಇದೆ. ಇನ್ನು ಡಬ್ಬದ ಮೇಲಿನ ಡಬ್ಲ್ಯೂಪಿಎಸ್ ಎಂಬ ಗುಂಡಿಯ ಸೌಕರ್ಯ. ಅದರ ಜೊತೆ ಬರುವ ಎಂಟಂಕಿಯ ಪಿನ್ ನೋಡಲು ಗಟ್ಟಿ, ಒಳಗೆ ಟೊಳ್ಳು. ಕೊನೆಯ ಅಂಕಿ ಬರೀ ತಾಳೆಗೆ. ಉಳಿದದ್ದನ್ನು ರೂಟರ್ ನಾಲ್ಕು ಮತ್ತು ಮೂರು ಅಂಕಿಗಳ ಎರಡು ತುಂಡಾಗಿ ಪರೀಕ್ಷಿಸಿ, ಮೊದಲ ತುಂಡು ಸರಿಯೋ ತಪ್ಪೋ ಎಂದು ಬಾಯಿಬಿಟ್ಟುಬಿಡುತ್ತದೆ. ಹಾಗಾಗಿ ಕೋಟಿ ಊಹೆ ಬೇಕಾದಲ್ಲಿ 11,000 ಸಾಕು. ಈ ಲೋಪ ಬಯಲಾದದ್ದು 2011ರ ಕೊನೆಯಲ್ಲಿ. ಪಿನ್ ಅನ್ನು ಆಫ್ ಮಾಡುವುದಕ್ಕೆ ಸೆಟ್ಟಿಂಗ್ ಪುಟದಲ್ಲಿ ಒಂದು ಗುರುತು ತೆಗೆದರೆ ಆಯಿತು. ಆದರೆ ಪುಟ ತೆರೆಯುವುದೇ ಮಹಾಪಾಪವಾದ ಮನೆಯಲ್ಲಿ ಗುರುತು ತೆಗೆಯುವವರು ಯಾರು?

ಕಂಪನಿಯವರೇ ದೂರದಿಂದ ನೋಡಿಕೊಳ್ಳುತ್ತಾರೆ, ಬೇಕಾದ ಅಪ್‌ಡೇಟ್ ಅವರೇ ಕಳಿಸುತ್ತಾರೆ ಎಂಬ ಸಮಾಧಾನ ಇನ್ನೊಂದಿದೆ. ಕೆಲವರು ಕಳಿಸುತ್ತಾರೆ, ಒಪ್ಪೋಣ. ದೂರದಿಂದ ನೋಡಿಕೊಳ್ಳಲು ಇಟ್ಟ ಕಿಂಡಿಯೂ ಒಂದು ಕಿಂಡಿಯೇ ಎಂಬುದನ್ನು ಮಾತ್ರ ಜರ್ಮನಿಯವರನ್ನು ಕೇಳಬೇಕು. 2016ರ ನವೆಂಬರ್ ಕೊನೆಯಲ್ಲಿ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗ್ರಾಹಕರ ಸಂಪರ್ಕ ಕುಸಿಯಿತು. ಮಿರಾಯ್‌ನ ಹೊಸ ಅವತಾರವೊಂದು ರೂಟರುಗಳ ದೂರನಿರ್ವಹಣೆಯ 7547ನೇ ಪೋರ್ಟನ್ನೇ ಎಲ್ಲೆಡೆ ತಟ್ಟುತ್ತಾ ಬಂದಿತ್ತು. ನೋಡಿಕೊಳ್ಳುವವರಿಗೆಂದು ಇಟ್ಟ ಬಾಗಿಲಿನಲ್ಲೇ ಕಳ್ಳ ಬಂದ. ವೈಫೈಯ ಚರಿತ್ರೆಯಂತೂ ‘ಒಮ್ಮೆ ಹಾಕಿದರೆ ಮುಗಿಯಿತು’ ಎಂಬ ನಂಬಿಕೆಯನ್ನು ಪದೇ ಪದೇ ಸುಳ್ಳಾಗಿಸಿದೆ. 1997ರ ಡಬ್ಲ್ಯೂಇಪಿ ಬೀಗ 2001ರ ಹೊತ್ತಿಗೇ ಸಡಿಲಾಯಿತು. 2004ರಲ್ಲಿ ಡಬ್ಲ್ಯೂಪಿಎ2 ಬಂತು. 2017ರಲ್ಲಿ ಬೆಲ್ಜಿಯಮ್ಮಿನ ಸಂಶೋಧಕ ಮಾಥಿ ವಾನ್‌ಹೂಫ್ ಅದರಲ್ಲೂ ಬಿರುಕು ತೋರಿಸಿದರು. 2018ರಲ್ಲಿ ಡಬ್ಲ್ಯೂಪಿಎ3 ಬಂತು. ನೆಲದ ಮೇಲಿನ ಬೀಗಗಳಿಗೇ ತುಕ್ಕು ಹಿಡಿಯುವಾಗ ಗಾಳಿಯಲ್ಲಿನ ಬೀಗಕ್ಕೆ ಹಿಡಿಯದೆ? ಮೊಳೆ ಹೊಡೆದ ದಿನದ ಸೆಟ್ಟಿಂಗೇ ಆಚಂದ್ರಾರ್ಕ ಇರಲಿ ಎನ್ನುವುದು ಶಾಸನ ಕಲ್ಲಿಗೆ ಸರಿ. ರೂಟರಿಗೆ ಅಲ್ಲ.

ಕಳ್ಳಕಾಕರ ಮಾತು ಬಿಡಿ, ಬರೀ ದುಡ್ಡಿನ ಲೆಕ್ಕಕ್ಕೇ ಬನ್ನಿ. ಮನೆಯ ಒಳಕೋಣೆಯಲ್ಲಿ ವಿಡಿಯೊ ತಡೆತಡೆದು ಬರುತ್ತದೆ. ಗ್ರಾಹಕ ಫೋನು ಮಾಡುತ್ತಾನೆ. ಆ ಕಡೆಯಿಂದ ಸಕ್ಕರೆಯಂಥ ದನಿ: ‘ಸಾರ್, 100ರ ಪ್ಲ್ಯಾನ್ ಇದೆ, 300ಕ್ಕೆ ಹೋಗಿಬಿಡಿ.’ ನಲ್ಲಿಯಲ್ಲಿ ಕಸ ಕಟ್ಟಿಕೊಂಡಿದ್ದರೆ ಮಾಳಿಗೆಯ ಟ್ಯಾಂಕ್ ದೊಡ್ಡದು ಮಾಡಿಸಿದಂತೆ ಇದು. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ನಮ್ಮಲ್ಲಿ ಹದಿಮೂರು ಚಾನೆಲ್‌ಗಳಿವೆ ಎಂಬುದು ಹೆಸರಿಗೆ. ಚಾನೆಲಿನಿಂದ ಚಾನೆಲಿಗೆ ಅಂತರ 5 ಮೆಗಾಹರ್ಟ್ಸ್, ಒಂದು ವೈಫೈ ಹಿಡಿಯುವ ಅಗಲ ಸುಮಾರು 20. ಹಾಗಾಗಿ ಒಂದರ ಮೇಲೊಂದು ಬೀಳದೆ ಕೂರಬಲ್ಲವು ಮೂರೇ ಮೂರು: 1, 6, 11. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ನಿಂತು ಫೋನಿನ ವೈಫೈ ಪಟ್ಟಿ ಎಳೆದು ನೋಡಿ, ಆ ಮೂರು ಮಣೆಗಳಿಗೆ ಎಷ್ಟು ಮಂದಿ ಕಾದಿದ್ದಾರೆ ಎಂದು ತಿಳಿಯುತ್ತದೆ. ಅದರ ನಡುವೆ 40 ಮೆಗಾಹರ್ಟ್ಸ್ ಅಗಲಕ್ಕೆ ಕಾಲುಚಾಚಿ ಮಲಗಿದ ಡಬ್ಬವೊಂದಿದ್ದರೆ ಸಾಲಿಗೆ ಸಾಲೇ ಹಾಳು. ಮೈಕ್ರೋವೇವ್ ಒಲೆ, ಬ್ಲೂಟೂತ್ ಕೂಡ ಓಡಾಡುವುದು ಅದೇ ಓಣಿಯಲ್ಲಿ. ಅಗಲವನ್ನು 20ಕ್ಕೆ ಇಳಿಸಿ, ಖಾಲಿ ಇರುವ ಚಾನೆಲ್ ಹಿಡಿದು, ಹತ್ತಿರದ ಟಿವಿ-ಲ್ಯಾಪ್‌ಟಾಪುಗಳನ್ನು 5 ಗಿಗಾಹರ್ಟ್ಸಿಗೆ ಏರಿಸಿದರೆ ಬಹಳಷ್ಟು ಗೊಣಗಾಟ ಅಲ್ಲೇ ನಿಲ್ಲುತ್ತದೆ. ಈ 5 ಗಿಗಾಹರ್ಟ್ಸ್ ಓಣಿಯಲ್ಲಿ 605 ಮೆಗಾಹರ್ಟ್ಸಿನಷ್ಟು ಜಾಗವನ್ನು ಸರ್ಕಾರ 2018ರ ಅಕ್ಟೋಬರ್‌ನಲ್ಲೇ ಪರವಾನಗಿಯಿಲ್ಲದೆ ಬಳಸಲು ಬಿಟ್ಟುಕೊಟ್ಟಿದೆ. ಹೆದ್ದಾರಿ ಖಾಲಿ ಇರುವಾಗ ಸಂತೆಬೀದಿಯಲ್ಲಿ ಹಾರನ್ ಹೊಡೆಯುತ್ತಾ ನಿಂತವರು ನಾವು. ಅದಕ್ಕೆ ತಿಂಗಳು ತಿಂಗಳು ಹೆಚ್ಚಿನ ಬಾಡಿಗೆ ಬೇರೆ. (ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ, ಶೋಕೇಸಿನ ಗಾಜಿನೊಳಗೆ ರೂಟರನ್ನು ಬಚ್ಚಿಡುವ ಸೌಂದರ್ಯಪ್ರಜ್ಞೆಯ ಬಗ್ಗೆ ಬೇರೆಯೇ ಲೇಖನ ಬೇಕು.)

ಈಗ ದೊಡ್ಡ ಆಕ್ಷೇಪ, ಕನಿಕರದ ವೇಷ ತೊಟ್ಟು ಬರುವಂಥದು: ಇದೆಲ್ಲ ಜನಸಾಮಾನ್ಯರಿಗೆ ಅರ್ಥವಾಗುವುದಿಲ್ಲ, ತಪ್ಪು ಒತ್ತಿ ನೆಟ್ ಕಳೆದುಕೊಳ್ಳುತ್ತಾರೆ. ಯಾವ ಜನಸಾಮಾನ್ಯರು? ತರಕಾರಿ ಗಾಡಿಯ ಮೇಲೆ ಕ್ಯೂಆರ್ ಫಲಕ ನಿಲ್ಲಿಸಿ, ಬಂದ ಹಣದ ಸದ್ದಿಗೆ ಕಿವಿಕೊಟ್ಟು, ಯುಪಿಐ ಪಿನ್ ಯಾರಿಗೂ ಹೇಳದೆ ವ್ಯಾಪಾರ ಮಾಡುವವರೇ? ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ, ಸೋಪಿನ ನೀರು ಹಚ್ಚಿ ಸೋರಿಕೆ ನೋಡುವ ಗೃಹಿಣಿಯರೇ? ತೋಟದ ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಹೊಂದಿಸುವ ರೈತರೇ? ಪ್ರಾಣಕ್ಕೇ ಕುತ್ತಾಗುವಂಥವನ್ನು ಕಲಿತ ಕೈಗಳಿಗೆ ಒಂದು ಪಾಸ್‌ವರ್ಡ್ ಬದಲಿಸುವುದು ಕಷ್ಟ ಎಂದು ಹೇಳುವವರ ಮಾತಿನಲ್ಲಿ ಕನಿಕರ ಎಷ್ಟು, ತಾತ್ಸಾರ ಎಷ್ಟು? ತಪ್ಪು ಒತ್ತಿದರೆ ಏನಾದೀತು ಎಂಬ ಭಯಕ್ಕೂ ಅಷ್ಟು ಬೆಲೆ ಬೇಡ. ವೈಫೈಯ ಹೆಸರು, ಪಾಸ್‌ವರ್ಡ್, ಚಾನೆಲ್ ಒಂದು ಪುಟ; ಕಂಪನಿಯ ಜಾಲಕ್ಕೆ ಸೇರಿಸುವ ವ್ಯಾನ್ ಸೆಟ್ಟಿಂಗ್ ಬೇರೊಂದು ಪುಟ. ಹುಡುಗ ಹೆದರಿಸುವುದು ಎರಡನೆಯದರ ಹೆಸರಿನಲ್ಲಿ, ಬಾಗಿಲು ಹಾಕಿಕೊಳ್ಳುವುದು ಎರಡಕ್ಕೂ. ಮೊದಲ ಪುಟದಲ್ಲಿ ಎಡವಿದರೆ ಹೆಚ್ಚೆಂದರೆ ಮನೆಯ ಫೋನುಗಳಿಗೆ ಪಾಸ್‌ವರ್ಡನ್ನು ಮತ್ತೆ ಕೊಡಬೇಕಾದೀತು. (ದಿನಕ್ಕೆ ಇಷ್ಟು ಮನೆ ಎಂದು ಓಡುವ ಆ ಹುಡುಗನನ್ನು ಬೈದು ಫಲವಿಲ್ಲ, ಅವನಿಗೆ ಆ ಐದು ನಿಮಿಷವನ್ನು ಕೊಡದವರು ಬೇರೆ ಇದ್ದಾರೆ.)

ಅರ್ಥವಾಗುವುದಿಲ್ಲ ಎಂಬ ದೂರಿನಲ್ಲಿ ಒಂದು ನಿಜವಿದೆ, ಅದು ಬೇರೆ ಕಡೆ ಬೆರಳು ತೋರಿಸುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ತೂಗುವ ಡಬ್ಬಗಳ ಸೆಟ್ಟಿಂಗ್ ಪುಟ ಕನ್ನಡ ಮಾತಾಡುವುದಿಲ್ಲ. ಡಬ್ಬದಡಿಯ ಚೀಟಿಯೂ ಇಂಗ್ಲಿಷೇ, ಅದೂ ಸಾಸಿವೆಯಷ್ಟು ಅಕ್ಷರದಲ್ಲಿ. ಮೊಬೈಲ್ ಫೋನಿಗಾದರೆ ಭಾರತೀಯ ಮಾನಕವೇ ಇದೆ: ಐಎಸ್ 16333ರ ಮೂರನೆಯ ಭಾಗದ ಪ್ರಕಾರ ಇಲ್ಲಿ ಮಾರುವ ಫೋನುಗಳು ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳನ್ನೂ ಓದಲು ತೋರಿಸಬೇಕು. ಆ ಫೋನುಗಳೆಲ್ಲ ಸೇರಿಕೊಳ್ಳುವ ರೂಟರಿಗೆ ಅಂಥ ಕಟ್ಟಳೆ ಯಾಕಿಲ್ಲ? ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಒಯ್ಯುತ್ತೇವೆ ಎಂದು ಭಾರತ್‌ನೆಟ್ ಹೆಸರಿನಲ್ಲಿ ಸಾವಿರಾರು ಕೋಟಿ ಸುರಿಯುವ ಸರ್ಕಾರಕ್ಕೆ, ಆ ಫೈಬರಿನ ತುದಿಯಲ್ಲಿ ಕೂತ ಡಬ್ಬ ಹಳ್ಳಿಯವರ ಜೊತೆ ಯಾವ ಭಾಷೆಯಲ್ಲಿ ಮಾತಾಡುತ್ತದೆ ಎಂದು ಕೇಳುವ ವ್ಯವಧಾನವಿಲ್ಲ. ಕನ್ನಡಿಗರಿಗೆ ಕನ್ನಡವಿಲ್ಲದ ಪುಟ ಕೊಟ್ಟು, ಆಮೇಲೆ ‘ನಿಮಗೆ ತಿಳಿಯಲ್ಲ, ಬಿಡಿ’ ಎನ್ನುವುದು, ಏಣಿ ತೆಗೆದು ಅಟ್ಟ ಹತ್ತಲಾರೆ ಎಂದು ಹಂಗಿಸಿದ ಹಾಗೆ.

ಪಕ್ಕದ ಮನೆಯ ಮಗು ಪಾಠಕ್ಕೆ ನಮ್ಮ ವೈಫೈ ಬಳಸಿದರೆ ತಪ್ಪೇ, ಎಲ್ಲಕ್ಕೂ ಬೀಗ ಹಾಕಬೇಕೇ ಎಂದು ಕೇಳುವ ಉದಾರಿಗಳಿದ್ದಾರೆ. ಖಂಡಿತ ಕೊಡಲಿ. ಅದಕ್ಕೆಂದೇ ಅತಿಥಿ ಜಾಲ ಎಂಬ ಸೌಲಭ್ಯ ಈಗಿನ ಎಷ್ಟೋ ರೂಟರುಗಳಲ್ಲಿದೆ. ಜಗಲಿಯಲ್ಲಿ ಕೂರಿಸಿ ಕಾಫಿ ಕೊಡಬಹುದು, ಅಡುಗೆಮನೆಯವರೆಗೂ ದಾರಿ ಬಿಡಬೇಕಾಗಿಲ್ಲ. ಅದನ್ನು ಆನ್ ಮಾಡಬೇಕೆಂದರೂ ಮುಟ್ಟಲೇಬೇಕಲ್ಲ.

ಬೇರೆ ದೇಶಗಳು ಈ ಮಡಿಯನ್ನು ಕಾನೂನಿನಿಂದಲೇ ಮುರಿಯುತ್ತಿವೆ. ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 1ರಿಂದ, ಮನೆಯ ಹೊರಗಿನಿಂದಲೂ ಲಾಗಿನ್ ಆಗಬಲ್ಲ ಇಂಥ ಉಪಕರಣಕ್ಕೆ ಒಂದೊಂದಕ್ಕೂ ಬೇರೆ ಪಾಸ್‌ವರ್ಡ್ ಇರಬೇಕು, ಇಲ್ಲವೆ ಮೊದಲ ಬಳಕೆಯಲ್ಲೇ ಹೊಸದನ್ನು ಇಡಿಸಬೇಕು. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಊರಿಗೆಲ್ಲ ಒಂದೇ ಪಾಸ್‌ವರ್ಡಿನ ಉಪಕರಣ ಮಾರುವುದೇ ಕಾನೂನುಬಾಹಿರ. ಜರ್ಮನಿ 2016ರ ಆಗಸ್ಟ್‌ನಿಂದ ತನ್ನ ಜನಕ್ಕೆ, ಕಂಪನಿ ಕೊಟ್ಟ ರೂಟರನ್ನು ಬಿಟ್ಟು ತಮಗೆ ಬೇಕಾದ್ದನ್ನು ಜೋಡಿಸಿಕೊಳ್ಳುವ ಹಕ್ಕನ್ನೇ ಕೊಟ್ಟಿದೆ. ನಮ್ಮಲ್ಲಿ ದೂರಸಂಪರ್ಕ ಉಪಕರಣಗಳ ಭದ್ರತಾ ನಿಯಮ ರೂಪಿಸುವ ರಾಷ್ಟ್ರೀಯ ಸಂಪರ್ಕ ಭದ್ರತಾ ಕೇಂದ್ರ ಇರುವುದು ಬೆಂಗಳೂರಿನಲ್ಲೇ. ಅದರ ಮೂಗಿನ ಕೆಳಗಿನ ಬಡಾವಣೆಗಳಲ್ಲಿ ಮೊಬೈಲ್ ನಂಬರೇ ವೈಫೈ ಪಾಸ್‌ವರ್ಡ್ ಆಗಿ ಮೆರೆಯುತ್ತಿದ್ದರೆ ನಿಯಮ ಯಾರ ಗೋಡೆಗೆ ತೂಗುತ್ತಿದೆ?

ಹಾಗಾಗಿ ಕೇಳಬೇಕಾದ್ದನ್ನು ಕೇಳೋಣ, ಅಂಗಲಾಚದೆ. ಟ್ರಾಯ್ ಮತ್ತು ದೂರಸಂಪರ್ಕ ಇಲಾಖೆ ಈ ಐದನ್ನು ಸಂಪರ್ಕ ಕೊಡುವ ಷರತ್ತಾಗಿ ಬರೆಯಲಿ: ಡಬ್ಬದ ಅಡ್ಮಿನ್ ಪಾಸ್‌ವರ್ಡ್ ಗ್ರಾಹಕನ ಕೈಗೆ ಲಿಖಿತವಾಗಿ ಸೇರಬೇಕು; ಡಬ್ಲ್ಯೂಪಿಎಸ್ ಪಿನ್ ಆಫ್ ಆಗಿಯೇ ಬರಬೇಕು; ಡಬ್ಬಕ್ಕೆ ಎಲ್ಲಿಯವರೆಗೆ ಅಪ್‌ಡೇಟ್ ಸಿಗುತ್ತದೆ ಎಂಬ ತಾರೀಖು ಪೆಟ್ಟಿಗೆಯ ಮೇಲೆ, ಔಷಧದ ಬಾಟಲಿಯ ಮೇಲಿರುವಂತೆ, ಅಚ್ಚಾಗಬೇಕು; ಸ್ವಂತ ರೂಟರ್ ತಂದವರಿಗೆ ಕಂಪನಿ ಅಡ್ಡಗಾಲು ಹಾಕಬಾರದು; ಕರ್ನಾಟಕದಲ್ಲಿ ಜೋಡಿಸುವ ಡಬ್ಬದ ಪುಟ ಕನ್ನಡದಲ್ಲೂ ತೆರೆಯಬೇಕು. ಇಲಾಖೆ ಬರೆಯುವವರೆಗೆ ಕಾಯುವುದಕ್ಕೆ ಮನೆಗಳಿಗೆ ಯಾವ ಕಾರಣವೂ ಇಲ್ಲ. ಮುಂದಿನ ಬಾರಿ ಹುಡುಗ ಮೊಳೆ ಹೊಡೆದು, ‘ಆಯ್ತು ಸಾರ್, ಇಲ್ಲೊಂದು ಸೈನ್ ಮಾಡಿ’ ಎಂದು ಚೀಟಿ ಚಾಚಿದಾಗ ಪೆನ್ನಿಗೆ ಕೈ ಹಾಕಬೇಡಿ. ಮೊದಲು ಆ ಪುಟವನ್ನು ನಿಮ್ಮ ಫೋನಿನಲ್ಲಿ ತೆರೆಸಿ. ಅಡ್ಮಿನ್ ಪಾಸ್‌ವರ್ಡನ್ನು ಅವನ ಕಣ್ಣೆದುರು ನೀವೇ ಒತ್ತಿ, ಅವನು ಮುಖ ತಿರುಗಿಸಿದ ಮೇಲೆ ಇನ್ನೊಮ್ಮೆ ಬದಲಿಸಿ. ವೈಫೈಗೆ ನಿಮ್ಮ ಹೆಸರಿಲ್ಲದ ಹೆಸರು, ನಂಬರಿಲ್ಲದ ಉದ್ದನೆಯ ಪಾಸ್‌ವರ್ಡ್ ಇಡಿ. 63 ಅಕ್ಷರದವರೆಗೆ ಜಾಗವಿದೆ, ನಾಲ್ಕಾರು ಸಂಬಂಧವಿಲ್ಲದ ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಪೋಣಿಸಿದರೂ ಗಟ್ಟಿಯೇ. ಅವನು ಗಡಿಯಾರ ನೋಡಿಕೊಳ್ಳುತ್ತಾನೆ, ನೋಡಲಿ. ‘ಯಾಕ್ ಸಾರ್ ಇಷ್ಟೆಲ್ಲ, ನಡೀತಿದೆಯಲ್ಲ’ ಎನ್ನುತ್ತಾನೆ, ಎನ್ನಲಿ. ಅವನ ಕೈಗೆ ಕಾಫಿ ಲೋಟ ಕೊಟ್ಟು, ನೀವು ಪುಟದ ಮುಂದಿನ ಸಾಲಿಗೆ ಹೋಗಿ.